ಲೆಕ್ಕ ತಪ್ಪಿದ್ದು ಯಾರದು?

ಚುಕ್ಕಿ ರಂಗೋಲಿ ಹಾಕುವವರಿಗೆ ಗೊತ್ತು, ಒಂದು ಸಾಲಿನಲ್ಲಿ ಒಂದೇ ಒಂದು ಚುಕ್ಕಿ ಬಿಟ್ಟುಹೋದರೂ ಕೊನೆಗೆ ಎಳೆ ಕೂಡುವುದಿಲ್ಲ. ಕಾರ್ಖಾನೆಯ ಯಂತ್ರಗಳಲ್ಲೂ ಹೀಗೆ ಚುಕ್ಕಿ ಎಣಿಸುವ ಸಾಧನವೊಂದಿದೆ. ಅದರ ಹೆಸರು ಎನ್‌ಕೋಡರ್. ನೋಡಲು ಒಂದು ಸಣ್ಣ ಡಬ್ಬಿ, ಅಷ್ಟೇ. ಒಳಗೆ ತೆಳುವಾದ ಬಿಲ್ಲೆ, ಅದರ ಅಂಚಿನ ಸುತ್ತ ಕೂದಲೆಳೆಯಂಥ ಗೆರೆಗಳು. ಒಂದು ಪಕ್ಕ ಪುಟ್ಟ ದೀಪ, ಇನ್ನೊಂದು ಪಕ್ಕ ಬೆಳಕನ್ನು ಗುರುತಿಸುವ ಕಣ್ಣು. ಬಿಲ್ಲೆ ತಿರುಗಿದಂತೆ ಬೆಳಕು ಬಂದು ಹೋಗುತ್ತದೆ; ಪ್ರತಿ ಗೆರೆಗೂ ಒಂದು ಮಿಡಿತ ತಂತಿಯಲ್ಲಿ ಹರಿಯುತ್ತದೆ. ಅದನ್ನು ಎಣಿಸಿಯೇ ಯಂತ್ರ ಅಳತೆ ತಿಳಿಯುವುದು.

ಪೀಣ್ಯಕ್ಕೆ ಮೆಟ್ರೊ ಬಂದದ್ದು 2014ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 2012ರಲ್ಲಿ, ನಾನು ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ವಿದ್ಯುತ್ ದುರಸ್ತಿ ನೋಡಿಕೊಳ್ಳುತ್ತಿದ್ದೆ. ಅಲ್ಲೊಂದು ಪೈಪು ಕತ್ತರಿಸುವ ಯಂತ್ರ. ಪೈಪಿನ ಮೇಲೆ ಉರುಳುವ ಚಕ್ರದ ಸುತ್ತಳತೆ ಅರ್ಧ ಮೀಟರ್. ಒಂದು ಸುತ್ತಿಗೆ ಸಾವಿರ ಮಿಡಿತ. ಅಂದರೆ ಒಂದು ಮಿಡಿತಕ್ಕೆ ಅರ್ಧ ಮಿಲಿಮೀಟರ್. ನಾಲ್ಕು ಮಿಡಿತ ಕಳೆದುಹೋದರೆ ಪೈಪು ಎರಡು ಮಿಲಿಮೀಟರ್ ಉದ್ದ ಬರುತ್ತದೆ.

ಹಾಗೇ ಬರತೊಡಗಿತು. ಅದೂ ಎರಡನೆಯ ಪಾಳಿಯಲ್ಲಿ ಮಾತ್ರ. ಆ ಪಾಳಿಯಲ್ಲಿ ಯಂತ್ರದ ಮುಂದೆ ನಿಲ್ಲುತ್ತಿದ್ದವಳು ತುಮಕೂರು ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. "ಬೆಳಿಗ್ಗೆ ಸರಿಯಿದ್ದ ಯಂತ್ರ ಮಧ್ಯಾಹ್ನ ಹೇಗೆ ಕೆಡುತ್ತದೆ? ಅವಳಿಗೆ ಗಮನವಿಲ್ಲ" ಎಂದರು ಸೂಪರ್‌ವೈಸರು. ಹಾಳಾದ ಪೈಪಿನ ಬೆಲೆಯನ್ನು ಸಂಬಳದಲ್ಲಿ ಹಿಡಿಯುವ ಮಾತೂ ಬಂತು. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯಿದೆಯ ಪ್ರಕಾರ ಹಾಗೆ ಹಿಡಿಯುವ ಮೊದಲು ಕೆಲಸಗಾರರ ಮಾತು ಕೇಳಲೇಬೇಕಿತ್ತು. ಕಾಯಿದೆ ಪುಸ್ತಕದಲ್ಲಿತ್ತು, ಅವಳ ಮಾತು ಕೇಳುವವರು ಯಾರು? "ಅಕ್ಕಾ, ನಾನು ಅಳತೆಯ ಗುಂಡಿ ಮುಟ್ಟಿಯೇ ಇಲ್ಲ" ಎಂದು ನನ್ನ ಹತ್ತಿರ ಬಂದು ನಿಂತಳು.

ಎರಡೂ ಪಾಳಿಯ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಬೆಳಗಿನವರಿಗಿಂತ ಅವಳು ಹೆಚ್ಚು ಪೈಪು ಕತ್ತರಿಸುತ್ತಿದ್ದಳು. ಗುರಿ ಮುಟ್ಟಬೇಕೆಂದು ಯಂತ್ರವನ್ನು ವೇಗವಾಗಿ ಓಡಿಸುತ್ತಿದ್ದಳು, ಅದೂ ಅನುಮತಿ ಇದ್ದ ವೇಗದೊಳಗೇ. ಆಸಿಲೋಸ್ಕೋಪ್ ತಂದು ತಂತಿಗೆ ಹಚ್ಚಿದೆ. ನಿಧಾನಕ್ಕೆ ಓಡಿಸಿದಾಗ ಮಿಡಿತಗಳು ಪರದೆಯ ಮೇಲೆ ಕೋಟೆಯ ತೆನೆಗಳಂತೆ ನೇರವಾಗಿ ನಿಂತವು. ವೇಗ ಹೆಚ್ಚಿಸಿದೊಡನೆ ಕುಗ್ಗಿ, ಅಂಚು ಮಬ್ಬಾಗಿ, ಅಲ್ಲಲ್ಲಿ ಎಣಿಕೆಗೇ ಸಿಗದಷ್ಟು ತಗ್ಗಿದವು.

"ಎನ್‌ಕೋಡರ್ ಹೋಗಿದೆ, ಹೊಸದು ತರಿಸೋಣ" ಎಂದರು ಮಾಲೀಕರು. ಒಂದು ಗಂಟೆ ಕೊಡಿ ಎಂದೆ. ಕಣ್ಣು ಮಂಜಾದರೆ ಕನ್ನಡಕಕ್ಕೆ ಮೊದಲು ದೀಪ ನೋಡಬೇಕಲ್ಲವೆ? ಪ್ಯಾನೆಲ್‌ನಲ್ಲಿ ಅಳೆದರೆ 5 ವೋಲ್ಟ್ ಸರಿಯಾಗಿತ್ತು. ತಂತಿಯ ಆ ತುದಿಯಲ್ಲಿ, ಎನ್‌ಕೋಡರ್ ಬಳಿ, 4.2. ಅದಕ್ಕೆ ಕನಿಷ್ಠ 4.75 ಬೇಕು. ನಡುವೆ ಎಲ್ಲಿ ಸೋರಿತು? ತಂತಿ ಹಿಡಿದು ಹೋದೆ. ಯಂತ್ರವನ್ನು ಹಿಂದೊಮ್ಮೆ ಜರುಗಿಸಿದಾಗ ತಂತಿ ಸಾಲದೆ ಯಾರೋ ತೆಳು ತಂತಿ ಸೇರಿಸಿ, ತಿರುಚಿ, ಕಪ್ಪು ಟೇಪು ಸುತ್ತಿದ್ದರು. ಕೂಲೆಂಟ್ ನೀರು ಒಳಗಿಳಿದು ತಾಮ್ರ ಹಸಿರುಗಟ್ಟಿತ್ತು. ಸಾಲದ್ದಕ್ಕೆ ಅದನ್ನು ಮೋಟಾರಿನ ತಂತಿಯ ಜೊತೆಗೇ ಕಟ್ಟಿದ್ದರು. ಮೋಟಾರಿನ ಗದ್ದಲವೆಲ್ಲ ಬಡಮಿಡಿತಗಳ ಮೇಲೆ ಸವಾರಿ ಮಾಡುತ್ತಿತ್ತು.

ಜೋಡಣೆಯಿಲ್ಲದ ದಪ್ಪ ತಂತಿ ಎಳೆದು, ಮೋಟಾರಿನಿಂದ ದೂರ ಬೇರೆ ದಾರಿಯಲ್ಲಿ ಒಯ್ದು, ಅದರ ಲೋಹದ ಹೊದಿಕೆಯನ್ನು ಪ್ಯಾನೆಲ್ ಕಡೆ ಮಾತ್ರ ನೆಲಕ್ಕೆ ಸೇರಿಸಿದೆ. ಆ ತುದಿಯಲ್ಲೀಗ 4.9. ಪೂರ್ತಿ ವೇಗದಲ್ಲೂ ತೆನೆಗಳು ಬಾಗಲಿಲ್ಲ, ಪೈಪು ಅಳತೆಗೆ ಬಂತು. ಹೊಸ ಎನ್‌ಕೋಡರ್ ಹಾಕಿದ್ದರೆ ಅದಕ್ಕೂ ಅದೇ ಅರೆಹೊಟ್ಟೆ!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎನ್ನುತ್ತಾರೆ. ಮನೆಯಲ್ಲೂ ಅಷ್ಟೆ. ಹಾಲು ಒಡೆದರೆ ಒಲೆಯ ಮುಂದೆ ನಿಂತವಳ ತಪ್ಪು. ಪಾತ್ರೆಯನ್ನು ಯಾರು ಕೇಳುತ್ತಾರೆ? ಹೆಚ್ಚು ದುಡಿಯುವ ಕೈಯಲ್ಲೇ ದೋಷ ಮೊದಲು ಕಾಣಿಸುವುದು. ಆದ್ದರಿಂದ ಕೈಯನ್ನೇ ದೋಷವೆಂದುಬಿಡುವುದು ಸುಲಭ.

ಸಂಬಳ ಹಿಡಿಯುವ ಮಾತು ನಿಂತಿತು. ಕ್ಷಮೆಯನ್ನಂತೂ ಯಾರೂ ಕೇಳಲಿಲ್ಲ. ಹುಡುಗಿ ಅದಕ್ಕೆ ಕಾಯುತ್ತಲೂ ಇರಲಿಲ್ಲ. ಮರುದಿನ ಪಾಳಿಗೆ ಅರ್ಧ ಗಂಟೆ ಮೊದಲೇ ಬಂದು, "ಅಕ್ಕಾ, ಆ ಮೀಟರು ಹಿಡಿಯೋದು ನನಗೂ ಹೇಳಿಕೊಡಿ" ಎಂದಳು.