ಅಜ್ಜಿಯ ಪಾವು, ಮೊಮ್ಮಗನ ಮೂಗು

ಚಳಿಗಾಲ ಬಂತೆಂದರೆ ನಮ್ಮ ಸಂಪಾದಕರು ಫೋನ್ ಮಾಡಿ, "ಡಾಕ್ಟ್ರೇ, ನೆಗಡಿ, ಫ್ಲೂ ಚುಚ್ಚುಮದ್ದಿನ ಬಗ್ಗೆ ಒಂದು ಪುಟ ಬರೆದುಕೊಡಿ" ಎನ್ನುತ್ತಾರೆ. ಈ ಸಲ ಬೇರೆ ವಿಷಯ ಬರೆಯುತ್ತೇನೆಂದು ಮೊದಲೇ ಹೇಳಿಬಿಟ್ಟೆ. ಚುಚ್ಚುಮದ್ದು ತಪ್ಪದೆ ಹಾಕಿಸಿಕೊಳ್ಳಿ. ಆ ಮಾತು ಅಲ್ಲಿಗೆ ಮುಗಿಯಿತು.

ನಮ್ಮ ಮಿನೆಸೋಟದ ಜನವರಿ ನಿಮಗೆಲ್ಲ ಗೊತ್ತೇ ಇದೆ. ಬೀಸುವ ಗಾಳಿಯನ್ನೂ ಲೆಕ್ಕಕ್ಕೆ ಹಿಡಿದು ಚಳಿ ಸೊನ್ನೆಗಿಂತ 15 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿದರೆ ಪುಟ್ಟ ಮಕ್ಕಳನ್ನು ಹೊರಗೆ ಆಡಲು ಬಿಡಬಾರದು. ಕೆಲವೊಮ್ಮೆ ದಿನಗಟ್ಟಲೆ ಇದೇ ಸ್ಥಿತಿ. ಎರಡು ಮೂರು ವರ್ಷದ ಮಗು ಮನೆಯೊಳಗೆ ಏನು ಮಾಡಬೇಕು? ಕ್ಲಿನಿಕ್ಕಿಗೆ ಬರುವ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಇದು. ಇದರ ಉತ್ತರ ಒಮ್ಮೆ ವಿಮಾನ ಹತ್ತಿ ನಮ್ಮ ಮನೆಗೇ ಬಂದಿತ್ತು. ನಾನೇ ಅದನ್ನು ಗದರಿಸಿ ಕೂರಿಸಿದೆ.

ಅದು 1999ರ ಜನವರಿ. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಬಂದಿದ್ದ ನಾನು ಇಲ್ಲಿ ಮಕ್ಕಳ ವಿಭಾಗದ ರೆಸಿಡೆನ್ಸಿಯ ಕೊನೆಯ ವರ್ಷದಲ್ಲಿದ್ದೆ. ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಕೆಲವು ಸಲ ಮನೆ ಸೇರುತ್ತಿದ್ದದ್ದು ಮಾರನೆಯ ದಿನ ಸಂಜೆ. ಎರಡೂವರೆ ವರ್ಷದ ಮಗನನ್ನು ನೋಡಿಕೊಳ್ಳಲು ಅರಸೀಕೆರೆ ಹತ್ತಿರದ ನಮ್ಮೂರಿನಿಂದ ಅಮ್ಮ ಬಂದಿದ್ದರು. ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ರಾಗಿ ಹುರಿಹಿಟ್ಟು, ಜೊತೆಗೆ ಹಿತ್ತಾಳೆಯ ಒಂದು ಪಾವು, ಒಂದು ಚಟಾಕು. "ಅಳೆಯೋಕೆ ಇಲ್ಲಿ ಕಪ್ ಇದೆ ಕಣಮ್ಮ" ಎಂದರೆ, "ನನ್ನ ಕೈಗೆ ಇದೇ ಸರಿ" ಎಂದಿದ್ದರು.

ಒಂದು ಸಂಜೆ ಮನೆಗೆ ಬಂದೆ. ನೆಲದ ಮೇಲೆ ಹಳೇ ದುಪ್ಪಟಿ. ಒಂದು ತಟ್ಟೆಯಲ್ಲಿ ಕಡಲೆಕಾಳು, ಇನ್ನೊಂದರಲ್ಲಿ ಹುರಿಹಿಟ್ಟು. ಬೋಗುಣಿಯಲ್ಲಿ ಬಾಲ್ಕನಿಯಿಂದ ಬಾಚಿ ತಂದ ಹಿಮ, ಪಕ್ಕದ ಪಾತ್ರೆಯಲ್ಲಿ ಬೆಚ್ಚಗಿನ ನೀರು. ಮಗ ಚಟಾಕಿನಲ್ಲಿ ಕಾಳು ಅಳೆದು ಪಾವಿಗೆ ಸುರಿಯುತ್ತಿದ್ದ, ಅಜ್ಜಿ ಎಣಿಸುತ್ತಿದ್ದರು. ಹಿಮ ಮುಟ್ಟಿದಾಗ "ತಣ್ಣಗೆ", ನೀರು ಮುಟ್ಟಿದಾಗ "ಬೆಚ್ಚಗೆ", ಹಿಟ್ಟಿನಲ್ಲಿ ಬೆರಳಾಡಿಸಿದಾಗ "ನುಣ್ಣಗೆ". ಅವನೂ ಹಾಗೇ ಹೇಳುತ್ತಿದ್ದ. ನನಗೆ ಕಂಡದ್ದು ಮಾತ್ರ ಕಾರ್ಪೆಟ್ಟಿನ ಮೇಲೆ ಚೆಲ್ಲಿದ ಹಿಟ್ಟು. ಬಾಡಿಗೆ ಮನೆಯ ಡಿಪಾಸಿಟ್ಟು ಹೋಗುತ್ತದೆಂದು ಗೊಣಗಿದೆ.

ಮೂರು ವಾರ ಹೀಗೇ ನಡೆಯಿತು. ಒಂದು ದಿನ ಮಗ ಮೂಗು ಉಜ್ಜಿಕೊಂಡು ಅಳುತ್ತಿದ್ದ. ಟಾರ್ಚ್ ಬಿಟ್ಟು ನೋಡಿದರೆ ಎಡಹೊಳ್ಳೆಯಲ್ಲಿ ಕಡಲೆಕಾಳು! ಕಾಳು ಒದ್ದೆಯಾದಷ್ಟೂ ಊದಿಕೊಳ್ಳುತ್ತದೆ. ನಾನು ಕೆಲಸ ಮಾಡುವ ಎಮರ್ಜೆನ್ಸಿಗೇ ಅಂದು ರೋಗಿಯ ತಾಯಿಯಾಗಿ ಹೋದೆ. ಎರಡು ನಿಮಿಷದಲ್ಲಿ ತೆಗೆದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಕಾರಿನಲ್ಲಿ ಬರುವಾಗ, "ಇದು ನಮ್ಮೂರಲ್ಲ ಅಮ್ಮ. ಶ್ವಾಸನಾಳಕ್ಕೆ ಹೋಗಿದ್ದಿದ್ರೆ ಏನು ಗತಿ? ನಿನಗೇನು ಗೊತ್ತಾಗುತ್ತೆ?" ಎಂದುಬಿಟ್ಟೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತಮ್ಮ, ಓದಿದವಳು ನೀನು" ಎಂದರು.

ಮರುದಿನ ಪಾವು, ಚಟಾಕು ಪೆಟ್ಟಿಗೆ ಸೇರಿದವು. ಏಪ್ರಿಲ್‌ನಲ್ಲಿ ಊರಿಗೆ ಹೊರಡುವವರೆಗೂ ಅಜ್ಜಿ ಮೊಮ್ಮಗ ಇಬ್ಬರೂ ಸೋಫಾದ ಮೇಲೆ ಕೂತು, ಅಜ್ಜಿಗೆ ಒಂದಕ್ಷರವೂ ತಿಳಿಯದ ಟಿವಿ ನೋಡಿದರು. ಮನೆ ಚೊಕ್ಕಟವಾಗಿತ್ತು. ನನಗೂ ನಿರಾಳವಾಗಿತ್ತು.

ವೈದ್ಯಳಾಗಿ ನಾನು ಹೇಳಿದ್ದರಲ್ಲಿ ಅರ್ಧ ಸರಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಒಣಕಾಳು, ಕಡಲೆಕಾಯಿ ಬೀಜ, ಮಣಿ ಕೊಡಬೇಡಿ. ಟಾಯ್ಲೆಟ್ ಪೇಪರ್ ಸುತ್ತಿದ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಅವರಿಗೆ ಸಲ್ಲದು. ಮೂಗಿಗೆ ಹೋದದ್ದನ್ನು ಕಡ್ಡಿಯಿಂದ ಕೆದಕಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನೀರು ಹೀರಿ ಊದುವ ಬಣ್ಣದ ಗುಂಡುಗಳಂತೂ ಮನೆಗೇ ಬೇಡ. ನುಂಗಿದರೆ ಕರುಳಿನಲ್ಲಿ ಊದಿ ದಾರಿ ಕಟ್ಟುತ್ತವೆ. ಅವನ್ನು ಮಕ್ಕಳ ಆಟಿಕೆಯಾಗಿ ಮಾರುವುದನ್ನು ಇಲ್ಲಿಯ ದೊಡ್ಡ ಅಂಗಡಿಗಳೇ 2023ರಲ್ಲಿ ನಿಲ್ಲಿಸಿದವು. ಹಸಿ ಮೈದಾ, ಹಸಿ ಗೋಧಿಹಿಟ್ಟಿನಲ್ಲಿ ರೋಗಾಣು ಇರಬಹುದು, ಮಗು ಬಾಯಿಗೆ ಹಾಕದೆ ಬಿಡುವುದಿಲ್ಲ. ಬೋಗುಣಿಯ ನೀರು ಎರಡೇ ಅಂಗುಲವಿದ್ದರೂ ಮಗುವನ್ನು ಬಿಟ್ಟು ಏಳಬೇಡಿ. ಆಟ ಮುಗಿದೊಡನೆ ಚೆಲ್ಲಿಬಿಡಿ.

ಇನ್ನರ್ಧದಲ್ಲಿ ನಾನು ತಪ್ಪಿದ್ದೆ. ತೆಗೆದಿಡಬೇಕಾದದ್ದು ಕಾಳಿನ ತಟ್ಟೆ ಒಂದೇ. ನಾನು ಆಟವನ್ನೇ ನಿಲ್ಲಿಸಿದೆ. ಮೊದಲೇ ಹುರಿದು ಮಾಡುವ ಹುರಿಹಿಟ್ಟು ಹಾಗೇ ತಿನ್ನುವ ಪದಾರ್ಥ. ದೂಳೇಳದಂತೆ ನೀರು ಚಿಮುಕಿಸಿ ಕೊಟ್ಟರೆ ಸಾಕು. ಬೇಯಿಸಿ ಆರಿಸಿದ ಶಾವಿಗೆ, ಬೆಂದ ಸಬ್ಬಕ್ಕಿ, ಬೋಗುಣಿಯ ಹಿಮದ ಮೇಲೆ ನಾಲ್ಕು ಹನಿ ಬೀಟ್‌ರೂಟ್ ರಸ ಇದ್ದರೆ ಎರಡು ವರ್ಷದ ಮಗುವಿಗೆ ಒಂದು ಬೆಳಗು ಕಳೆಯುತ್ತದೆ. ಭಾರ, ಹಗುರ, ತುಂಬಿದ್ದು, ಖಾಲಿ ಇವೆಲ್ಲ ಆ ವಯಸ್ಸಿನಲ್ಲಿ ಕೈಯಿಂದ ತಲೆಗೆ ಹತ್ತುತ್ತವೆ, ಜೊತೆಗೇ ಮಾತೂ ಬರುತ್ತದೆ. ಎರಡರಿಂದ ಐದು ವರ್ಷದ ಮಕ್ಕಳಿಗೆ ಟಿವಿ, ಫೋನ್ ಎಲ್ಲ ಸೇರಿ ದಿನಕ್ಕೆ ಒಂದು ಗಂಟೆ ಸಾಕೆಂದು ಇಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಅಮ್ಮ ಅದನ್ನು ಓದಿರಲಿಲ್ಲ, ಮಾಡುತ್ತಿದ್ದರು.

ನನ್ನ ಮಗನಿಗೆ ಈಗ ಕನ್ನಡ ಅಷ್ಟಾಗಿ ಬಾರದು. ಅವನ ಬಾಯಲ್ಲಿ ಉಳಿದಿರುವ ಬೆರಳೆಣಿಕೆಯ ಪದಗಳಲ್ಲಿ "ತಣ್ಣಗೆ", "ಬೆಚ್ಚಗೆ", "ನುಣ್ಣಗೆ" ಸೇರಿವೆ.

ಅಮ್ಮ 2011ರಲ್ಲಿ ತೀರಿಕೊಂಡರು. ಕಾರಿನಲ್ಲಿ ಆಡಿದ ಮಾತಿಗೆ ನಾನು ಕ್ಷಮೆ ಕೇಳಲೇ ಇಲ್ಲ. ಪಾವು, ಚಟಾಕನ್ನು ಅಣ್ಣ ನನಗೆ ಕೊಟ್ಟ. ಹೋದ ಚಳಿಗಾಲದಲ್ಲಿ ಎರಡು ವರ್ಷದ ಮೊಮ್ಮಗಳು ಅದೇ ಚಟಾಕಿನಲ್ಲಿ ಹಿಮ ಅಳೆದು ಪಾವಿಗೆ ತುಂಬಿ, ಕರಗಿದ್ದನ್ನು ನೋಡಿ ಮತ್ತೆ ತುಂಬಿದಳು. ಕಾರ್ಪೆಟ್ಟು ಒದ್ದೆಯಾಯಿತು. ಆಗಲಿ ಎಂದೆ.

ಈ ಚಳಿಗಾಲ ನಿಮ್ಮ ಮನೆಗೆ ಊರಿನಿಂದ ಹಿರಿಯರು ಬಂದಿದ್ದರೆ ಕಾಳಿನ ವಿಷಯ ನಯವಾಗಿ ತಿಳಿಸಿ. ಉಳಿದದ್ದನ್ನು ಅವರಿಗೇ ಬಿಡಿ.