ಎಲುಬಿನ ಕಥೆಯೂ ಮಜ್ಜಿಗೆಯ ಅರವಟ್ಟಿಗೆಯೂ

ಅಕ್ಟೋಬರ್ 31ರ ಹ್ಯಾಲೋವೀನ್ ಆಚರಣೆಗಾಗಿ ಬುರುಡೆಯ ಮುಖವಾಡಗಳನ್ನೂ ಕೊರೆದ ಕುಂಬಳಕಾಯಿಗಳನ್ನೂ ನಮ್ಮ ನಗರಗಳ ವಸತಿಸಮುಚ್ಚಯಗಳು ತರಿಸಿಕೊಳ್ಳುತ್ತಿರುವ ಈ ಕಾಲದಲ್ಲಿ, ಮೃತ್ಯುವನ್ನು ನಡುಬೀದಿಗೆ ಕರೆತಂದು ಅದರೆದುರು ಊರಿಗೆ ಊರೇ ನಲಿಯುವ ವಿದ್ಯೆ ನಮಗೆ ಹೊಸತೇನಲ್ಲವೆಂಬುದಕ್ಕೆ ಚೆನ್ನೈಯ ಮೈಲಾಪೂರಿನ ಕಪಾಲೀಶ್ವರನ ಗುಡಿಯಲ್ಲಿ ತಮಿಳು ಪಂಗುಣಿ ಮಾಸದಲ್ಲಿ ನಡೆಯುವ ಬ್ರಹ್ಮೋತ್ಸವವೇ ಸಾಕ್ಷಿಯಾಗಿದೆ.

ಹಾವು ಕಚ್ಚಿ ಮಡಿದ ಪೂಂಪಾವೈ ಎಂಬ ವಣಿಕ್ಪುತ್ರಿಯ ಅಸ್ಥಿಭಸ್ಮಗಳನ್ನು ತಂದೆಯು ಕುಂಭವೊಂದರಲ್ಲಿ ಕಾದಿರಿಸಿದ್ದನೆಂದೂ, 7ನೆಯ ಶತಮಾನದ ಶೈವಸಂತ ಜ್ಞಾನಸಂಬಂಧರು ಆ ಕುಂಭದೆದುರು ನಿಂತು ಈ ಊರಿನ ಹಬ್ಬಗಳನ್ನು ಒಂದೊಂದಾಗಿ ಹೆಸರಿಸಿ ಹಾಡಲು ಅವಳು ಜೀವಂತಳಾಗಿ ಎದ್ದುಬಂದಳೆಂದೂ ಐತಿಹ್ಯ; ಸತ್ತವಳನ್ನು ಮರಳಿ ಕರೆದದ್ದು ಸ್ವರ್ಗದ ಆಸೆಯಲ್ಲ, ತಪ್ಪಿಹೋಗಲಿದ್ದ ಉತ್ಸವಗಳ ಆಸೆ!

ಉತ್ಸವದ ಎಂಟನೆಯ ದಿನ ಬೆಳಿಗ್ಗೆ ಈ ಪ್ರಸಂಗವು ಪುನರಭಿನೀತವಾಗಿ, ಅಪರಾಹ್ನದಲ್ಲಿ ಶೈವಸಂತರಾದ 63 ನಾಯನ್ಮಾರರ ಲೋಹಮೂರ್ತಿಗಳು ಪಲ್ಲಕ್ಕಿಗಳಲ್ಲಿ ಗುಡಿಯ ಸುತ್ತಲಿನ ಮಾಡಬೀದಿಗಳನ್ನು ಸುತ್ತುವಾಗ, ಪಂಗುಣಿಯ ಸುಡುಬಿಸಿಲಿನಲ್ಲಿ ಜನಸಾಗರವನ್ನು ಸಂತೈಸುವುದು ಗುಡಿಯ ಆಡಳಿತವಷ್ಟೇ ಅಲ್ಲ. ಅಂಗಡಿಯವರೂ ಮನೆಯವರೂ ಬೀದಿಯ ಬದಿಯಲ್ಲಿ ಹೂಡಿದ ಅರವಟ್ಟಿಗೆಗಳು, ಅಲ್ಲಿ ಕರಿಬೇವು ಶುಂಠಿ ಬೆರೆತ ನೀರುಮಜ್ಜಿಗೆ, ಬೆಲ್ಲದ ಪಾನಕ, ಬಂದವರಿಗೆಲ್ಲ ಕೈಗಿಡುವ ಅನ್ನದ ಪೊಟ್ಟಣಗಳು.

ಇನ್ನು ನಗರಗಳಂತೆ ಹಳ್ಳಿಯಲ್ಲೂ ಹ್ಯಾಲೋವೀನ್ ಜಾತ್ರೆಯನ್ನೇ ನಡೆಸಬೇಕೆನ್ನುವ ಉತ್ಸಾಹಿಗಳಿದ್ದರೆ ಅವರನ್ನು ನಾನು ತಡೆಯಲಾರೆ. ಎಲುಬಿನ ವೇಷ ಯಾರದೆಂದು ಗೊತ್ತುಮಾಡುವ ಮುನ್ನ ಮಜ್ಜಿಗೆಯ ಹೊಣೆ ಯಾವ ಮನೆಯದೆಂದು ನಿಶ್ಚಯಿಸಿಕೊಳ್ಳಿರೆಂದಷ್ಟೇ ವಿನಂತಿಸುವೆನು.