ಗೋಡೆಯ ತೂತು

ಒಡೆದ ಗೋಡೆಯನ್ನು ಮುಚ್ಚಬೇಕೋ ಹಾಗೇ ಬಿಡಬೇಕೋ ಅಂತ ಹನ್ನೆರಡು ದಿನ ತಲೆ ಕೆಡಿಸಿಕೊಂಡ ಮನೆ ನಮ್ಮದು. ಊರೊಳಗಿನವರಿಗೆ ಇದು ಪ್ರಶ್ನೆಯೇ ಅಲ್ಲ. ಗೋಡೆ ಒಡೆಯಿತು, ಆಳು ಕರೆದರು, ಮೆತ್ತಿಸಿದರು, ಮುಗಿಯಿತು. ಆ ಆಳುಗಳು ನಾವೇ.

1980ರ ದಶಕದ ನಡುವಿನ ಮಾತು. ನಮ್ಮ ಕೇರಿಯ ನಾಲ್ಕು ಹುಡುಗರು ಊರ ಹೋಟೆಲಿನ ಹೊರಗೆ ನಮಗೆಂದೇ ಇಟ್ಟಿದ್ದ ಲೋಟ ಮುಟ್ಟದೆ, ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಟೀ ಕೇಳಿದ್ದರು. ಅಷ್ಟೇ. ಅಸ್ಪೃಶ್ಯತೆಯನ್ನು ಅಪರಾಧವೆಂದ ಕಾಯಿದೆ 1955ರಲ್ಲೇ ಬಂದಿತ್ತು. 1976ರಲ್ಲಿ ಅದರ ಹೆಸರೂ ಬದಲಾಗಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಆಗಿತ್ತು. ಹೋಟೆಲಿನ ಲೋಟ ಮಾತ್ರ ಬದಲಾಗಿರಲಿಲ್ಲ. ಆ ರಾತ್ರಿ ಕೇರಿಯ ಮೇಲೆ ಕಲ್ಲು ಬಿದ್ದವು. ಕಲ್ಲಿನ ಜೊತೆ ಹಾರೆಯೂ ಆಡಿತು. ಬೆಳಗಾದಾಗ ನಮ್ಮ ಮನೆಯ ಬೀದಿ ಗೋಡೆ ಐದು ಕಡೆ ಕಿತ್ತುಬಂದಿತ್ತು. ಬಾಗಿಲ ಪಕ್ಕದ ತೂತಿನಲ್ಲಿ ತೋಳು ತೂರಿಸಿದರೆ ಒಳಗಿನ ಮಡಕೆ ಕೈಗೆ ಸಿಗುತ್ತಿತ್ತು.

ತಾಲ್ಲೂಕಿನಿಂದ ಸಂಘದ ಹುಡುಗರು ಸೈಕಲ್ ತುಳಿದುಕೊಂಡು ಬಂದರು. ದೂರು ಬರೆದರು. ಹೋಗುವಾಗ, 'ಅವ್ವಾ, ಮಹಜರು ಆಗೋವರ್ಗೂ ಗ್ವಾಡೆ ಮುಟ್ಬೇಡಿ. ಇದೇ ನಮ್ಗೆ ಸಾಕ್ಷಿ' ಅಂದರು. ಸರಿಯಾದ ಮಾತೇ. ನಾವು ಮುಟ್ಟಲಿಲ್ಲ. ರಾತ್ರಿ ತೂತಿಗೆ ಮೊರ ಅಡ್ಡ ಇಟ್ಟು ಮಲಗುತ್ತಿದ್ದೆವು. ದಿನ ಕಳೆದವು, ಯಾರೂ ಬರಲಿಲ್ಲ. ಬಂದದ್ದು ಮುಂಗಾರು.

ಮಣ್ಣಿನ ಗೋಡೆ ಗೊತ್ತಿದ್ದವರಿಗೆ ಇದು ಗೊತ್ತು. ಮೈ ನುಣ್ಣಗಿರುವ ಗೋಡೆಯ ಮೇಲೆ ಮಳೆ ಜಾರಿ ಹೋಗುತ್ತದೆ, ತೂತಿದ್ದ ಕಡೆ ನಿಂತು ಒಳಕ್ಕೆ ಇಳಿಯುತ್ತದೆ. ಒಳಗೆ ನೆನೆದ ಗೋಡೆ ಹೊರಗೆ ಏನೂ ಹೇಳದೆ ಒಂದು ರಾತ್ರಿ ಕೂತುಬಿಡುತ್ತದೆ. ಹನ್ನೆರಡನೆಯ ದಿನ ಅವ್ವ ಸೆರಗು ಸಿಕ್ಕಿಸಿ ಎದ್ದಳು. 'ಸಾಕ್ಷಿ ನೋಡ್ಕಂಡ್ ಕೂತ್ರೆ ಮಕ್ಳ ಮ್ಯಾಲ್ ಬೀಳ್ತದೆ ಕನ್ರಪ್ಪ.'

ಮಣ್ಣು ಎಲ್ಲಿಂದ ತರುವುದು? ಕೆರೆಗೋಡಿಗೆ ಹೋದವರನ್ನು ಊರವರು ತಡೆದಿದ್ದರು. ಹಿತ್ತಲಲ್ಲಿ ಅಜ್ಜನ ಕಾಲದ ಗೋಡೆಯೊಂದು ಬಿದ್ದು ಗುಡ್ಡೆಯಾಗಿತ್ತು. ಅವ್ವ ಅದನ್ನೇ ಅಗೆದಳು. ಬಿದ್ದ ಗೋಡೆಯ ಮಣ್ಣು ಕೆಡುವುದಿಲ್ಲ, ಪುಡಿ ಮಾಡಿ ನೆನೆಸಿದರೆ ಮತ್ತೆ ಗೋಡೆಯಾಗುತ್ತದೆ. ಅಂಗೈಯಲ್ಲಿ ಹೊಸೆದು ನೋಡಿದಳು. ಬತ್ತಿ ಬೇಗ ಮುರಿದರೆ ಮರಳು ಜಾಸ್ತಿ, ಕೈಗೆ ಅಂಟಿ ಬಿಡದಿದ್ದರೆ ಜೇಡಿ ಜಾಸ್ತಿ, ಒಣಗಿದಾಗ ಸೀಳುತ್ತದೆ. ರಾಗಿಹುಲ್ಲು ಸಣ್ಣಗೆ ಕತ್ತರಿಸಿ ಹಾಕಿ ನೀರು ಬಿಟ್ಟು, ಒಂದು ರಾತ್ರಿ ನೆನೆಯಬಿಟ್ಟು, ಬೆಳಗ್ಗೆ ನಾವು ಮಕ್ಕಳೆಲ್ಲ ತುಳಿದೆವು. ತುಳಿಯುವುದು ನಮಗೆ ಹೊಸದಲ್ಲ. ಹಬ್ಬದ ಮುಂದೆ ಗೌಡರ ಮನೆಗೂ ತುಳಿಯುತ್ತಿದ್ದೆವು. ನಾವು ತುಳಿದ ಮಣ್ಣು ಅವರ ನಡುಮನೆಗೆ ಹೋಗುತ್ತಿತ್ತು, ತುಳಿದ ಕಾಲು ಹೊಸಿಲು ದಾಟುವಂತಿರಲಿಲ್ಲ. ಮಣ್ಣಿಗೆ ಇಲ್ಲದ ಮೈಲಿಗೆ ಕಾಲಿಗೆ ಹೇಗೆ ಬಂತು ಅಂತ ಕೇಳಿದರೆ ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ಇರಲಿ.

ತೂತಿಗೆ ಮಣ್ಣು ತುಂಬುವ ಮುಂಚೆ ಅವ್ವ ಕುಡುಗೋಲಿನ ತುದಿಯಿಂದ ಅದನ್ನು ಇನ್ನೂ ದೊಡ್ಡದು ಮಾಡಿದಳು. ಸಡಿಲ ಮಣ್ಣೆಲ್ಲ ಕೆರೆದು, ಬಾಯಿಗಿಂತ ಒಳಗೆ ಅಗಲ ಬಿಟ್ಟಳು. ಇಲ್ಲದಿದ್ದರೆ ತೇಪೆ ಒಣಗಿ ಕುಗ್ಗಿ ಬಿಲ್ಲೆಯ ಹಾಗೆ ಕಳಚಿ ಬೀಳುತ್ತದೆ. ಆಮೇಲೆ ನೀರು ಚಿಮುಕಿಸಿ ನೆನೆಸಿದಳು. ಒಣಗೋಡೆ ಹಸಿಮಣ್ಣಿನ ನೀರನ್ನೆಲ್ಲ ಕುಡಿದುಬಿಡುತ್ತದೆ, ಹಿಡಿಯುವುದಿಲ್ಲ. ಆಳದ ತೂತಿಗೆ ಬರೀ ಮಣ್ಣು ತುಂಬಬಾರದು, ಕಲ್ಲೋ ಬೋಕಿಯೋ ಕೊಡಬೇಕು. ಕಲ್ಲಿಗೇನು ಬರ? ಅವತ್ತು ರಾತ್ರಿ ಬಿದ್ದವು ಅಂಗಳದ ಮೂಲೆಯಲ್ಲೇ ಇದ್ದವು. ಒಂದೊಂದನ್ನೂ ಎತ್ತಿ ಅದರದರ ತೂತಿಗೆ ಕೂರಿಸಿ ಮೇಲೆ ಮೆತ್ತಿದಳು. ಮೊದಲ ಪದರದ ಮೇಲೆ ಬೆರಳಿಂದ ಗೀರು ಹಾಕಿ ಬಿಟ್ಟಳು, ಎರಡನೆಯದು ಕಚ್ಚಿಕೊಳ್ಳಲಿ ಅಂತ. ಅದು ಆರಿದ ಮೇಲೆ ಹುಲ್ಲಿಲ್ಲದ ನಯವಾದ ಮಣ್ಣು. ಬಿರುಕಿಗೆ ಸಗಣಿ ಬಗ್ಗಡ.

ಹದಿನಾರನೆಯ ದಿನ ಪೊಲೀಸರು ಬಂದರು. 'ಎಲ್ಲಮ್ಮಾ ತೂತು? ಗೋಡೆ ಚೆನ್ನಾಗೇ ಇದೆಯಲ್ಲ.'

ನಾವು ಹಸಿ ಕಲೆಗಳನ್ನು ತೋರಿಸಿದೆವು. ಅವ್ವ ಕುಡುಗೋಲು ಹಿಡಿದು ಬಂದು, 'ಒಳಗವೆ ಸ್ವಾಮಿ ಅವ್ರ್ ಹೊಡ್ದ ಕಲ್ಲು, ಅಗ್ದು ತೋರಿಸ್ಲಾ?' ಅಂದಳು. 'ಬೇಡ ಬಿಡಮ್ಮ, ಮೆತ್ತಿದ್ದು ಯಾಕೆ ಕೀಳ್ತೀಯ' ಅಂದು, ಮನೆಗೆ ಹಾನಿ ಕಂಡುಬಂದಿಲ್ಲ ಎಂದು ಬರೆದುಕೊಂಡು ಹೋದರು. ಸಂಘದ ಹುಡುಗರು ಸಿಟ್ಟಾದರು, ನಮ್ಮ ಮೇಲೂ. ಅವರದು ತಪ್ಪು ಅನ್ನಲಾರೆವು. ಅವ್ವನದು ತಪ್ಪು ಅನ್ನಲೂ ನಮಗೆ ಬಾಯಿ ಬರುವುದಿಲ್ಲ. ದೌರ್ಜನ್ಯ ತಡೆ ಕಾಯಿದೆ 1989ರಲ್ಲಿ ಬಂತು, ಅದರ ನಿಯಮಗಳು 1995ರಲ್ಲಿ. ಅಧಿಕಾರಿ ಸ್ಥಳಕ್ಕೇ ಬಂದು ಆಸ್ತಿಗೆ ಆದ ನಷ್ಟ ನೋಡಬೇಕು, ಸುಟ್ಟ ಇಲ್ಲವೇ ಪೂರ್ತಿ ನಾಶವಾದ ಮನೆಗೆ ಬದಲು ಸರ್ಕಾರವೇ ಇಟ್ಟಿಗೆಯದೋ ಕಲ್ಲಿನದೋ ಮನೆ ಕಟ್ಟಿಸಿಕೊಡಬೇಕು ಅಂತ ಅದರಲ್ಲಿದೆ. ಊರಿನ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರು ಇದನ್ನು ಮಕ್ಕಳಿಗೆ ಓದಿ ಹೇಳಬೇಕು. ಮಳೆಗಿಂತ ಮುಂಚೆ ಅಧಿಕಾರಿ ಬರುವಂತೆ ಮಾಡುವುದು ಬೇರೆ ಕೆಲಸ.

ಈಗ ನಮ್ಮ ಕೇರಿಯ ಹುಡುಗರು ಬೆಂಗಳೂರಿನ ಆಫೀಸುಗಳಲ್ಲಿ ಜಿಪ್ಸಂ ಬೋರ್ಡಿನ ಗೋಡೆ ನಿಲ್ಲಿಸುತ್ತಾರೆ. ಮೇಜು ತಗುಲಿ ತೂತಾದರೆ ಸುತ್ತ ಚೌಕವಾಗಿ ಕೊಯ್ದು, ಹಿಂದೆ ಪಟ್ಟಿ ಕೊಟ್ಟು, ಅದೇ ಅಳತೆಯ ತುಂಡು ಕೂರಿಸಿ ಸ್ಕ್ರೂ ಬಿಗಿದು, ಸಂದಿಗೆ ಜಾಲರಿ ಟೇಪು ಹಚ್ಚಿ ಪುಟ್ಟಿ ಎಳೆದು, ಒಣಗಿದ ಮೇಲೆ ಉಜ್ಜುತ್ತಾರಂತೆ. ಅವ್ವ ಎಲ್ಲ ಕೇಳಿ, 'ಅಲ್ಲೂ ಮೊದ್ಲು ದೊಡ್ಡದ್ ಮಾಡ್ಬೇಕಾ' ಅಂದಳು.

ಹಳೆಯ ಗೋಡೆಯನ್ನು ಕೆಡವಿ ಇಟ್ಟಿಗೆ ಮನೆ ಕಟ್ಟಿಕೊಂಡದ್ದು ಎಷ್ಟೋ ವರ್ಷದ ಮೇಲೆ. ಹಾರೆ ಹಾಕಿದಾಗ ಐದೂ ಕಲ್ಲು ಇದ್ದಲ್ಲೇ ಇದ್ದವು, ತೇಪೆ ಒಂದೂ ಬಿಟ್ಟಿರಲಿಲ್ಲ. ನಾಲ್ಕು ಪಾಯಕ್ಕೆ ಹೋದವು. ಉಳಿದೊಂದು ಈಗ ಬಾಗಿಲಿಗೆ ಒತ್ತು ಕೊಡುವ ಕಲ್ಲು, ಗಾಳಿಗೆ ಬಡಿಯದ ಹಾಗೆ.